ಸ್ವಗತ, ಜನಾಂತಿಕ ಮತ್ತು ನೋಡುಗರತ್ತ ತಿರುಗಿ ಆಡುವ ಮಾತು: ಯಾವುದಕ್ಕೆ ಯಾವ ಪದ?

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಊರಿನ ಹುಡುಗರಿಗಾಗಿ ಅರ್ಧ ಗಂಟೆಯ ಏಕಾಂಕವೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಆವರಣದೊಳಗೆ ಹಾಕಬೇಕಾದ ಒಂದು ರಂಗಸೂಚನೆಯ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ನಾಟಕ ನಡೆಯುವುದು ಅಡಿಕೆ ಸುಲಿಯುವ ರಾತ್ರಿ, ಜಗಲಿಯ ಮೇಲೆ. ಯಾರು ಎಷ್ಟು ಡಬ್ಬ ಸುಲಿದರೆಂದು ಯಜಮಾನರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾರೆ. ಮೆಟ್ಟುಗತ್ತಿಯ ಮುಂದೆ ಕುಳಿತ ಹೆಂಗಸು, "ಸುಲಿದದ್ದು ಆರು, ಬರೆದದ್ದು ಐದು" ಎನ್ನುತ್ತಾಳೆ. ಇದನ್ನು ಅವಳು ತನ್ನಷ್ಟಕ್ಕೆ ಹೇಳಿಕೊಂಡರೆ ನುಂಗಿಕೊಂಡ ಸಂಕಟವಾಗುತ್ತದೆ. ಪಕ್ಕದವಳ ಕಿವಿಯಲ್ಲಿ ಹೇಳಿದರೆ ಮುಂದಿನ ಜಗಳಕ್ಕೆ ಬೀಜವಾಗುತ್ತದೆ. ನಾಟಕ ನೋಡಲು ಬಂದವರತ್ತ ತಿರುಗಿ ಹೇಳಿದರೆ ಅವರನ್ನೇ ಸಾಕ್ಷಿಗೆ ಕರೆದಂತಾಗುತ್ತದೆ. ಯಜಮಾನರಿಗೆ ಮೂರೂ ಕೇಳಿಸುವುದಿಲ್ಲ. ನಾನು ನೋಡಿದ ಕೈಬರಹದ ನಾಟಕಗಳಲ್ಲಿ ಇಂಥ ಮೂರೂ ಕಡೆ "ಸ್ವಗತ" ಎಂದೇ ಇರುವುದರಿಂದ, ಪಾತ್ರಧಾರಿಗಳು ಯಾವ ಮಾತೇ ಇರಲಿ, ಮಾಡಿನತ್ತ ಮುಖವೆತ್ತಿ ಒಂದೇ ರಾಗದಲ್ಲಿ ಒಪ್ಪಿಸಿಬಿಡುತ್ತಾರೆ.

10ನೇ ಶತಮಾನದ ಧನಂಜಯನ ದಶರೂಪಕವೆಂಬ ಸಂಸ್ಕೃತ ನಾಟಕಲಕ್ಷಣ ಗ್ರಂಥದಲ್ಲಿ ಈ ವಿಂಗಡಣೆ ಸ್ಪಷ್ಟವಾಗಿದೆ. ಎಲ್ಲರಿಗೂ ಕೇಳಿಸುವುದು ಪ್ರಕಾಶ, ಯಾರಿಗೂ ಕೇಳಿಸದ್ದು ಸ್ವಗತ, ಕೆಲವರಿಗೆ ಮಾತ್ರ ಕೇಳಿಸುವುದು ಜನಾಂತಿಕ ಮತ್ತು ಅಪವಾರಿತ. ಜನಾಂತಿಕದಲ್ಲಿ ಉಂಗುರಬೆರಳನ್ನು ಮಡಿಸಿದ ತ್ರಿಪತಾಕ ಹಸ್ತವನ್ನು ಅಡ್ಡ ಹಿಡಿದು ಉಳಿದವರನ್ನು ಮರೆಮಾಡುತ್ತಾರೆ. ಅಪವಾರಿತದಲ್ಲಿ ಮಗ್ಗುಲು ತಿರುಗಿ ಗುಟ್ಟು ಹೇಳುತ್ತಾರೆ. ಪಕ್ಕದವಳಿಗೆ ಹೇಳುವ ಮಾತಿಗೆ ಜನಾಂತಿಕ ಶಾಸ್ತ್ರೋಕ್ತವಾಗಿ ಒಪ್ಪುತ್ತದೆ. ಆದರೆ ಈ ಪದವನ್ನು ಹೊಸದಾಗಿ ಓದುವ ಹುಡುಗ "ಜನ"ವನ್ನು ಕಂಡು, ಜನರಿಗೆ ಹೇಳುವ ಮಾತೆಂದೇ ತಿಳಿಯುತ್ತಾನೆ. ಅಲ್ಲಿಗೆ ಅರ್ಥ ತಲೆಕೆಳಗಾಯಿತು. ಆದ್ದರಿಂದ ಅಲ್ಲಿ "ಪಕ್ಕದವಳಿಗೆ, ಮೆಲ್ಲಗೆ" ಎಂದು ಬರೆದು ಮುಗಿಸಿದ್ದೇನೆ.

ತೊಡಕಿರುವುದು ಮೂರನೆಯದರಲ್ಲಿ, ಅಂದರೆ ನೋಡುಗರತ್ತ ತಿರುಗಿ ಆಡುವ ಮಾತಿನಲ್ಲಿ. ಆಕಾಶಭಾಷಿತ ಇದಲ್ಲ, ಅದು ರಂಗದಲ್ಲಿಲ್ಲದ ವ್ಯಕ್ತಿಯೊಡನೆ "ಏನೆನ್ನುತ್ತೀಯೆ?" ಎಂದು ಕೇಳಿಕೊಂಡು ನಡೆಸುವ ಸಂಭಾಷಣೆ. ಯಕ್ಷಗಾನದಲ್ಲಾದರೆ ಭಾಗವತರಿದ್ದಾರೆ, ಪಾತ್ರ ಅವರೊಡನೆಯೇ ಮಾತಿಗಿಳಿಯಬಹುದು. ನನ್ನ ಏಕಾಂಕಕ್ಕೆ ಭಾಗವತರನ್ನು ತಂದರೆ ಅದು ಬೇರೆಯದೇ ನಾಟಕವಾದೀತು.

"ಪ್ರೇಕ್ಷಕರಿಗೆ" ಎಂದು ಬರೆಯಬಹುದು, ತಪ್ಪೇನಿಲ್ಲ. ಆದರೆ ತಾಳಮದ್ದಳೆ ಕೇಳಿ ಬೆಳೆದ ನಮ್ಮವರಿಗೆ "ಸಭೆಗೆ" ಎಂಬುದು ಇನ್ನೂ ಹತ್ತಿರದ್ದು. ಆ ಪದ ಕಂಡೊಡನೆ ಹುಡುಗರು ಎದುರಿಗೆ ಕುಳಿತವರ ಕಣ್ಣು ನೋಡಿಯೇ ಮಾತಾಡಿಯಾರು ಎಂಬ ಆಸೆ ನನ್ನದು. ಒಂದೇ ಅಡ್ಡಿಯೆಂದರೆ, ನಾಟಕದ ಕೊನೆಯಲ್ಲಿ ಇದೇ ಡಬ್ಬದ ಲೆಕ್ಕಕ್ಕಾಗಿ ರಂಗದ ಮೇಲೆಯೇ ಊರಿನ ಪಂಚಾಯಿತಿ ಕೂಡುತ್ತದೆ. ಅಲ್ಲಿ "ಸಭೆಗೆ" ಎಂದರೆ ಪಂಚರಿಗೋ, ನೋಡುಗರಿಗೋ ಎಂಬ ಗೊಂದಲ ಏಳುತ್ತದೆ. "ಸಭಿಕರಿಗೆ" ಎಂದರೆ ಈ ಗೊಂದಲ ಹೋದೀತೆ? ಅಥವಾ ಹಳೆಯ ಕಂಪನಿ ನಾಟಕದವರು ಇಂಥ ಮಾತಿಗೆಂದೇ ಬಳಸುತ್ತಿದ್ದ ಬೇರೆ ಪದವೇನಾದರೂ ಇದೆಯೆ?