ಗರಗದ ಬೀಜ ಮಡಿಯಲ್ಲಿ ಹುಟ್ಟುತ್ತಿಲ್ಲ, ತಪ್ಪೆಲ್ಲಿ?

ಬದುವಿನಂಚು:
ಗದ್ದೆ ಬದುವಿನ ಬಿಳಿ ಹೂವಿನ ಗರಗವನ್ನು (ಭೃಂಗರಾಜ) ಮಡಿಯಲ್ಲಿ ಬೆಳೆಸಬೇಕು. ಮೆಂತ್ಯಕ್ಕೆ ಮಾಡುವಂತೆ ಬೀಜದ ಮೇಲೆ ಅರ್ಧ ಇಂಚು ಮಣ್ಣು ಮುಚ್ಚಿ, ಒಣಹುಲ್ಲು ಹಾಸಿ ದಿನವೂ ನೀರು ಕೊಡುತ್ತಿದ್ದೇನೆ. 20 ದಿನವಾದರೂ ಒಂದೂ ಮೊಳೆತಿಲ್ಲ, ಬದುವಿನಲ್ಲಾದರೆ ತಾನಾಗಿ ಒತ್ತಾಗಿ ಹುಟ್ಟುತ್ತಿದೆ. ಬೀಜ ಕೆಟ್ಟಿದೆಯೇ? ಮಡಿ 10 ಅಡಿ ಉದ್ದ, 3 ಅಡಿ ಅಗಲ, ಕೆಂಪು ಮಣ್ಣು.

ಸಸಿಮಡಿ:
ಬೀಜ ಕೆಟ್ಟಿರಲಿಕ್ಕಿಲ್ಲ, ಕತ್ತಲೆಯಲ್ಲಿ ಕೂತಿದೆ. ಗರಗದ ಬೀಜಕ್ಕೆ ಮೊಳೆಯಲು ಬೆಳಕು ಬೇಕೇ ಬೇಕು. ಮಣ್ಣು, ಹುಲ್ಲು ಎರಡೂ ಅದನ್ನೇ ತಡೆದಿವೆ. ಕಪ್ಪಗೆ ಬಲಿತು, ಮುಟ್ಟಿದರೆ ಉದುರುವ ತಲೆಗಳ ಬೀಜವನ್ನೇ ತೆಗೆದುಕೊಳ್ಳಿ. ಒಂದು ಚಮಚ ಬೀಜಕ್ಕೆ ಒಂದು ಹಿಡಿ ನಯವಾದ ಮರಳು ಬೆರೆಸಿ, ನೆನೆದ ಮಣ್ಣಿನ ಮೇಲೆ ಎರಚಿ, ಹಲಗೆಯಿಂದ ಮೆಲ್ಲಗೆ ಒತ್ತಿ. ಏನನ್ನೂ ಮುಚ್ಚಬೇಡಿ. ಮೇಲಿನಿಂದ ನೀರು ಸುರಿದರೆ ಬೀಜ ಒಂದು ಮೂಲೆಗೆ ಕೊಚ್ಚಿಹೋಗುತ್ತದೆ. ಟ್ರೇಯಲ್ಲಿ ಹಾಕಿ, ಟ್ರೇಯನ್ನು ಅರ್ಧ ಇಂಚು ನೀರಿನಲ್ಲಿ ಇಟ್ಟರೆ ಅಡಿಯಿಂದ ತೇವ ಏರುತ್ತದೆ. ಬೆಚ್ಚಗಿನ ದಿನಗಳಲ್ಲಿ ವಾರ, ಎರಡು ವಾರದೊಳಗೆ ಹುಟ್ಟುತ್ತದೆ. ಚಳಿಯಲ್ಲಿ ಬಿತ್ತಬೇಡಿ.

ಆರು ಎಲೆ ಬಂದ ಮೇಲೆ ನಾಟಿ ಮಾಡಿ. ನಿಮ್ಮ ಮಡಿಗೆ ಒಂದಡಿ ಅಂತರದ ಮೂರು ಸಾಲು, ಸಾಲಿನಲ್ಲಿ 8 ಇಂಚಿಗೊಂದು, ಒಟ್ಟು 45 ಗಿಡ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 5–6 ಕಿಲೋ ಸಾಕು. ಯೂರಿಯಾ ಹಾಕಿದರೆ ಗಿಡ ಕೊಬ್ಬಿ ಮೆತ್ತಗಾಗಿ ಹೇನು ಹತ್ತುತ್ತದೆ.

ಕುಡಿಕಡ್ಡಿ:
45 ಗಿಡಕ್ಕೆ ಬೀಜದ ಗೋಜೇ ಬೇಡ. ಬದುವಿನ ಗಿಡದಿಂದ ಹೂ ಬಿಡದ ಕುಡಿಯನ್ನು ನಾಲ್ಕು ಗೆಣ್ಣು ಇರುವಂತೆ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಊರಿ. ನೆಲ ಮುಟ್ಟಿದ ಗೆಣ್ಣಿನಲ್ಲೆಲ್ಲ ಬೇರು ಬಿಡುವ ಜಾತಿ ಇದು. ಕೆಂಪು ಮಣ್ಣು ಬೇಗ ಆರುತ್ತದೆ, ಹಾಗಾಗಿ ಮಡಿಯನ್ನು ಏರಿಸದೆ ನೆಲಮಟ್ಟಕ್ಕಿಂತ ಎರಡು ಇಂಚು ತಗ್ಗಿಸಿ. ಗಿಡ ಹಿಡಿದ ಮೇಲೆ ಬುಡಕ್ಕೆ ಹುಲ್ಲು ಹಾಸಬಹುದು. ಬೆಳಕಿನ ಮಾತು ಬೀಜಕ್ಕೆ ಮಾತ್ರ.

ಕಡ್ಡಿ ತರುವ ಮುನ್ನ ಗುರುತು ನೋಡಿಕೊಳ್ಳಿ. ಗರಗದ ಎಲೆ ಎದುರುಬದುರು, ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ, ಎಲೆ ಮುಟ್ಟಿದರೆ ಒರಟು. ಕಾಂಡ ಜಜ್ಜಿದರೆ ರಸ ಕೆಲವೇ ನಿಮಿಷದಲ್ಲಿ ಕಪ್ಪಾಗುತ್ತದೆ. ಗರಗವೆಂದು ತಪ್ಪಾಗಿ ತಿಳಿಯಬಹುದಾದ ಗಬ್ಬು ಸಾವಂತಿಗೆ ಎಂಬ ಕಳೆಗೆ ಉದ್ದನೆಯ ಹೂದಂಟು, ಹಾರುವ ನಯ ಕೂದಲಿನ ಬೀಜ. ಗರಗದ ಬೀಜಕ್ಕೆ ಕೂದಲಿಲ್ಲ. ಅಲಂಕಾರಕ್ಕೆ ಹಬ್ಬಿಸುವ ಹಳದಿ ಹೂವಿನದು ಬೇರೆಯೇ ಗಿಡ, ಅದನ್ನು ಗರಗವೆಂದು ಮಾರಿದರೆ ಕೊಳ್ಳಬೇಡಿ.

ಬದುವಿನಂಚು:
ಇಬ್ಬರಿಗೂ ಧನ್ಯವಾದ. ಕೊಯ್ಲು ಯಾವಾಗ? ಕಳೆದ ಸಲ ಬದುವಿನಿಂದ ಕೊಯ್ದದ್ದು ಒಣಗಿಸುವಾಗ ಕಪ್ಪಾಯಿತು.

ನೆರಳುಚಾಪೆ:
ಹೂ ಬಿಡಲು ಶುರುವಾದಾಗ, ಅಂದರೆ ನಾಟಿಯಾಗಿ ಸುಮಾರು ಎರಡು ತಿಂಗಳಿಗೆ. ನೆಲದಿಂದ ಮೂರು ಇಂಚು ಬಿಟ್ಟು ಕೊಯ್ಯಿರಿ, ಮತ್ತೆ ಚಿಗುರುತ್ತದೆ. ತಲೆಗಳು ಬಲಿಯುವವರೆಗೆ ಕಾದರೆ ಉದುರಿದ ಬೀಜವೇ ಇಡೀ ತೋಟಕ್ಕೆ ಕಳೆಯಾಗುತ್ತದೆ.

ಕತ್ತರಿಸಿದ ತುದಿ, ಜಜ್ಜಿದ ಎಲೆ ಕಪ್ಪಾಗುವುದು ರಸದ ಗುಣ, ದೋಷವಲ್ಲ. ಇಡೀ ಸೊಪ್ಪು ಕಪ್ಪಾಗಿ ಮುಗ್ಗುಲು ವಾಸನೆ ಬಂದರೆ ಒದ್ದೆ ಸೊಪ್ಪನ್ನು ರಾಶಿ ಹಾಕಿದ್ದೇ ಕಾರಣ, ಅದನ್ನು ಎಸೆಯಿರಿ. ತೊಳೆದು ನೀರು ಪೂರ್ತಿ ಬಸಿದು, ಗಾಳಿಯಾಡುವ ನೆರಳಲ್ಲಿ ಒಂದೇ ಪದರವಾಗಿ ಹರಡಿ, ದಿನಕ್ಕೆರಡು ಸಲ ತಿರುವಿ. ದಂಟು ಮುರಿದರೆ ಪಟ್ಟೆಂದು ಸದ್ದಾಗಬೇಕು. ಬಾಗಿದರೆ ಡಬ್ಬಿಗೆ ತುಂಬಬೇಡಿ.

ಇನ್ನೊಂದು ಮಾತು: ಕಳೆನಾಶಕ ಸಿಂಪಡಿಸಿದ ಬದುವಿನದ್ದು, ಚರಂಡಿ ಪಕ್ಕದ್ದು ಎಷ್ಟೇ ಸೊಂಪಾಗಿ ಕಂಡರೂ ಎಣ್ಣೆಗಾಗಲಿ ಅಡುಗೆಗಾಗಲಿ ಮುಟ್ಟಬೇಡಿ. ಅಂಥ ಜಾಗದ ಗಿಡದಿಂದ ಬೀಜ ಬೇಕಾದರೆ ತೆಗೆದುಕೊಳ್ಳಿ.