ಅಪ್‌ಡೇಟ್: 3 ವ್ಯಾಟ್ ಎಲ್‌ಇಡಿಗಳ ಬಿಸಿಯ ಸಮಸ್ಯೆ ಬಗೆಹರಿಯಿತು
ಹೊಲಿಗೆ ಯಂತ್ರದ ದೀಪಕ್ಕೆಂದು 3 ವ್ಯಾಟ್‌ನ ಮೂರು ಬಿಳಿ ಎಲ್‌ಇಡಿಗಳನ್ನು ಸರಣಿಯಲ್ಲಿ ಜೋಡಿಸಿ 12 ವೋಲ್ಟ್ ಅಡಾಪ್ಟರಿಗೆ ಕೊಟ್ಟಾಗ, ಕರೆಂಟನ್ನು ಮಿತಿಯಲ್ಲಿಡುವ ಕಾಲು ವ್ಯಾಟಿನ ರೆಸಿಸ್ಟರ್ ಕರಕಲಾಗುತ್ತಿದೆ ಎಂದು ಕಳೆದ ವಾರ ಕೇಳಿದ್ದೆ. 3.3 ಓಮ್, 5 ವ್ಯಾಟಿನದನ್ನು ಹಾಕುವ ಸಲಹೆಯನ್ನು ಮೊದಲು ಪಾಲಿಸಿದೆ. ರೆಸಿಸ್ಟರೇನೋ ಉಳಿಯಿತು, ಆದರೆ 640 ಮಿಲಿಆಂಪಿಯರ್ ಇದ್ದ ಕರೆಂಟ್ ಹತ್ತೇ ನಿಮಿಷದಲ್ಲಿ 760 ದಾಟಿತು. ಎಲ್‌ಇಡಿ ಬಿಸಿಯಾದಂತೆ ಅದರ ವೋಲ್ಟೇಜ್ ಇಳಿದು ಕರೆಂಟ್ ಏರುತ್ತದೆ ಎಂಬುದು ನನಗೆ ಹೊಸ ಸಂಗತಿ. ಕೊನೆಗೆ ಕೈಹಿಡಿದದ್ದು, ಅಡಾಪ್ಟರನ್ನೇ ಬಿಟ್ಟು 600 ಮಿಲಿಆಂಪಿಯರಿನ ಸ್ಥಿರ ಕರೆಂಟ್ ಡ್ರೈವರ್ (ಎಲ್‌ಇಡಿಯ ವೋಲ್ಟೇಜ್ ಇಳಿದರೂ ಕರೆಂಟನ್ನು ಒಂದೇ ಮಟ್ಟದಲ್ಲಿಡುವ ಸಾಧನ) ಬಳಸಿರೆಂದವರ ಮಾತು. ಎಲ್‌ಇಡಿಗಳನ್ನು ಬಿಸಿಯನ್ನು ಹೊರಹಾಕುವ ಅಲ್ಯೂಮಿನಿಯಂ ಹೀಟ್‌ಸಿಂಕಿಗೆ, ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ತೆಳುವಾಗಿ ಸವರಿ ಬಿಗಿದಿದ್ದೇನೆ (ಮೊದಲ ಸಲ ಬೆಣ್ಣೆಯಂತೆ ಮೆತ್ತಿದ್ದೆ, ಪ್ರಯೋಜನವಾಗಲಿಲ್ಲ). ಡ್ರೈವರಿನ 230 ವೋಲ್ಟ್ ಬದಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಹೀಟ್‌ಸಿಂಕಿಗೆ ಅರ್ಥಿಂಗ್ ಕೊಟ್ಟಿದ್ದೇನೆ. ನಿನ್ನೆ ನಾಲ್ಕು ಗಂಟೆ ಉರಿದ ಮೇಲೂ ಕರೆಂಟ್ ಕದಲಲಿಲ್ಲ.