‘ಪ್ರೋಗ್ರಾಮರಿಗೆ ಕರೆಂಟ್ ಕೊಡಿ’: ಈ ಉಪಕರಣಕ್ಕೆ ಯಾವ ಪದ?

ಗೆಳೆಯರೇ,

ಚಿಪ್ಪಿನೊಳಗೆ ಪ್ರೋಗ್ರಾಂ ಹಾಕುವ ಉಪಕರಣಕ್ಕೆ ಇಂಗ್ಲಿಷಿನಲ್ಲಿ ‘ಪ್ರೋಗ್ರಾಮರ್’ ಅಂತಾರೆ. ಅದಕ್ಕೆ ಕನ್ನಡ ಪದ ಕೊಡಿ ಅಂತ ಹೋದ ವಾರ ಇಲ್ಲಿ ಕೇಳಿದ್ದೆ, ಇನ್ನೂ ಸಿಕ್ಕಿಲ್ಲ. ಅದನ್ನು ಬಳಸುವ ಬಗೆ ತಿಳಿಸುವ ಹಾಳೆ ಶುಕ್ರವಾರ ಬೆಳಗ್ಗೆ ಅಚ್ಚಿಗೆ ಹೋಗಬೇಕು. ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ.

ಹೊಸಬರಿಗೆ ಎರಡು ಮಾತು. ಬೆಳಗಾವಿಯ ಉದ್ಯಮಬಾಗದ ಹತ್ತಿರ ಒಂದು ಕೋಣೆಯಲ್ಲಿ ಶನಿವಾರ ಸಂಜೆ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಹೆಚ್ಚಿನವರ ಮನೆಯಲ್ಲಿ ಫೌಂಡ್ರಿ, ಲೇತ್ ಕೆಲಸ. ಚಿಪ್ಪಿಗೆ ಬೂಟ್‌ಲೋಡರ್ (ಚಿಪ್ ಶುರುವಾದಾಗ ಮೊದಲು ಓಡುವ ಪುಟ್ಟ ಪ್ರೋಗ್ರಾಂ) ಹಾಕಲು ಈಗ ನಾವೇ ಒಂದು ಪ್ರೋಗ್ರಾಮರ್ ಕಟ್ಟಿದ್ದೇವೆ. ತೂತಿನ ಬೋರ್ಡಿನ ಮೇಲೆ 28 ಕಾಲಿನ ಸಾಕೆಟ್, ಚಿಪ್ಪಿಗೆ ತಾಳ ಕೊಡುವ 16 ಮೆಗಾಹರ್ಟ್ಸ್ ಕ್ರಿಸ್ಟಲ್, ಪಕ್ಕದಲ್ಲಿ ಆರ್ಡುಯಿನೊ ಊನೊ ಅನ್ನುವ ಸಿದ್ಧ ಬೋರ್ಡು. ಊನೊದಿಂದ ಸಾಕೆಟ್ಟಿನಲ್ಲಿ ಕೂರುವ ಎಟಿಮೆಗಾ 328ಪಿ ಚಿಪ್ಪಿಗೆ ನಾಲ್ಕು ತಂತಿ. ಊನೊದ ರೀಸೆಟ್‌ಗೂ ಗ್ರೌಂಡ್‌ಗೂ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್. ಅದಿಲ್ಲದಿದ್ದರೆ ಕೆಲಸ ಶುರುವಾಗುವಾಗಲೇ ಊನೊ ರೀಸೆಟ್ ಆಗಿಬಿಡುತ್ತದೆ. ಇದನ್ನು ಬಳಸುವ ಬಗೆ ಬರೆದು ಮೇಜಿನ ಎದುರು ಗೋಡೆಗೆ ಅಂಟಿಸಬೇಕು.

ಮೊದಲ ಸಾಲು ‘ಪ್ರೋಗ್ರಾಮರಿಗೆ ಕರೆಂಟ್ ಕೊಡಿ’ ಅಂತ ಬರೆದಿದ್ದೆ. ಎಂಟನೇ ಕ್ಲಾಸಿನ ಹುಡುಗ ಓದಿ, ‘ಯಾರಿಗೆ ಕೊಡಬೇಕ್ರಿ ಸರ?’ ಅಂದ. ಅವನು ಓದಿದ್ದು ಸರಿಯೇ. ‘-ರಿಗೆ’, ‘-ರನ್ನು’ ಕಿವಿಗೆ ಬಿದ್ದರೆ ಮೇಷ್ಟರು, ಡಾಕ್ಟರು ನೆನಪಾಗುತ್ತಾರೆ. ‘ಕಂಪ್ಯೂಟರಿಗೆ ಅಂದರೆ ಯಾರೂ ಹೀಗೆ ಕೇಳುವುದಿಲ್ಲವಲ್ಲ’ ಅಂತ ಇಲ್ಲಿ ಒಬ್ಬರು ಒಂದೇ ಸಾಲಿನಲ್ಲಿ ನನ್ನ ಪ್ರಶ್ನೆ ಮುಗಿಸಿದರು. ಮುಗಿಯಲಿಲ್ಲ ಸ್ವಾಮಿ. ಕಂಪ್ಯೂಟರ್ ಅನ್ನುವ ಕೆಲಸದ ಮನುಷ್ಯ ಇವತ್ತು ಊರಲ್ಲಿಲ್ಲ. ಪ್ರೋಗ್ರಾಮರ್ ಓಣಿಗೊಬ್ಬ ಇದ್ದಾನೆ. ಪ್ರೋಗ್ರಾಂಗೆ ‘ಕ್ರಮವಿಧಿ’ ಅನ್ನುವುದರಿಂದ ಬಂದ ‘ಕ್ರಮವಿಧಿಕಾರ’ವೂ ಬೇಡ. ‘-ಕಾರ’ ಹಚ್ಚಿದರೆ ಮತ್ತೆ ಮನುಷ್ಯನೇ ಬಂದು ನಿಲ್ಲುತ್ತಾನೆ.

ಇನ್ನು ಇಲ್ಲಿ ಬಂದ ಇನ್ನೊಂದು ಸಲಹೆ, ‘ಸುಡುಕ’. ಇದನ್ನು ನಾನು ಒಪ್ಪುವುದೇ ಇಲ್ಲ. ಚಿಪ್ಪಿಗೆ ಪ್ರೋಗ್ರಾಂ ಹಾಕುವುದಕ್ಕೆ ಇಂಗ್ಲಿಷಿನಲ್ಲಿ ‘ಬರ್ನ್’ ಅಂತಾರೆ, ಸರಿ. ಹಿಂದಿನ ಪ್ರಾಮ್ ಅನ್ನುವ ಮೆಮೊರಿ ಚಿಪ್ಪುಗಳಲ್ಲಿ ಒಳಗಿನ ಸಣ್ಣ ಫ್ಯೂಸುಗಳನ್ನು ನಿಜವಾಗಿ ಸುಡುತ್ತಿದ್ದರು. ಒಮ್ಮೆ ಸುಟ್ಟರೆ ಮುಗಿಯಿತು. 328ಪಿಯಲ್ಲಿ ಸುಡುವುದು ಏನೂ ಇಲ್ಲ. ಅದರ ಫ್ಲ್ಯಾಶನ್ನು, ಅಂದರೆ ಪ್ರೋಗ್ರಾಂ ಕೂರುವ ಮೆಮೊರಿಯನ್ನು, 10,000 ಸಲ ಅಳಿಸಿ ಬರೆಯಬಹುದು. ನಮ್ಮ ಮೇಜಿನಲ್ಲಿ ‘ಚಿಪ್ ಸುಟ್ಟಿತು’ ಅಂದರೆ ಐದು ವೋಲ್ಟು ಉಲ್ಟಾ ಕೊಟ್ಟಿದ್ದಾರೆ, ಚಿಪ್ ಕಸದ ಡಬ್ಬಿಗೆ ಅಂತ ಅರ್ಥ. ಪ್ರಾಮ್ ಸುಡುತ್ತಿತ್ತು ಅಂತ ಫ್ಲ್ಯಾಶನ್ನೂ ಸುಡುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ.

ಈ ಗಾದೆ ಬರೆಯುವಾಗಲೇ ನನಗೆ ಹೊಳೆದಿದ್ದು ಮುಂದಿನದು. ‘ಬರೆ’ ಅಂದರೆ ಕಾಯಿಸಿದ ಕಬ್ಬಿಣದ ಗುರುತು. ‘ಬರೆ’ ಅಂದರೆ ಗೆರೆ. ‘ಬರೆ’ ಅಂದರೆ ಅಕ್ಷರ ಬರೆಯುವುದು. ತಮಿಳಿನ ‘ವರೈ’ ಕೂಡ ಗೀಚುವುದು, ಚಿತ್ರ ಬಿಡಿಸುವುದು. ಅಲ್ಲಿ ವಕಾರ, ನಮ್ಮಲ್ಲಿ ಬಕಾರ, ಬೇರು–ವೇರ್ ಇದ್ದ ಹಾಗೆ. ಸುಟ್ಟ ಗುರುತು, ಬರಹ ಎರಡೂ ಒಂದೇ ಮಾತಿನಲ್ಲಿ ಇರುವಾಗ ಹೊಸದನ್ನು ಯಾಕೆ ಕಡೆಯಬೇಕು? ‘ಬೂಟ್‌ಲೋಡರ್ ಬರೆ’ ಅಂದರೆ ಸಾಕು, ಹುಡುಗರಿಗೆ ತಿಳಿಯುತ್ತದೆ. ಬೂಟ್‌ಲೋಡರನ್ನು ಹಾಗೇ ಬಿಡೋಣ. ಅದು ಎಲ್ಲರ ಬಾಯಲ್ಲಿ ಕೂತಿದೆ, ಬೇರೆ ಯಾವುದಕ್ಕೂ ತಾಗುವುದಿಲ್ಲ.

ಇನ್ನೂ ಏನೂ ಬರೆಯದ ಹೊಸ ಚಿಪ್ಪಿಗೆ ನಾನು ‘ಕೋರಾ ಚಿಪ್’ ಅಂತ ಬರೆದಿದ್ದಕ್ಕೆ ‘ಮರಾಠಿ, ತೆಗೆಯಿರಿ’ ಅಂತ ಎರಡೇ ಪದದ ಉತ್ತರ ಬಂತು. ಬದಲಿಗೆ ಅವರೇ ಕೊಟ್ಟ ‘ಖಾಲಿ’ ಅರಬ್ಬಿಯದು! ದೂರದಿಂದ ಬಂದಿದ್ದು ಕನ್ನಡ, ಪಕ್ಕದ ಮನೆಯದು ಪರಕೀಯ, ಇದು ಯಾವ ಲೆಕ್ಕ? ನಮ್ಮ ಕಡೆ ಕೋರಾ ಹಾಳಿ, ಕೋರಾ ಬಟ್ಟೆ ದಿನದ ಮಾತು. ಮೇಜಿನ ಮೇಲೂ ಈ ಪದಕ್ಕೆ ಕೆಲಸವಿದೆ. ಖಾಲಿ ಇರುವುದು ಸಾಕೆಟ್. ಕೋರಾ ಚಿಪ್ ಕಾರ್ಖಾನೆಯಿಂದ ಬಂದ ಹಾಗೇ ಇರುತ್ತದೆ. ಅದು ತನ್ನೊಳಗಿನ ಗಡಿಯಾರದಲ್ಲಿ, 1 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತದೆ. ಒಮ್ಮೆ ಬರೆದು ಅಳಿಸಿದ ಚಿಪ್ ಹಾಗಲ್ಲ. ಅಳಿಸಿದರೂ ಅದರ ಸೆಟ್ಟಿಂಗುಗಳು, ಅಂದರೆ ಹೆಸರಲ್ಲಷ್ಟೇ ಫ್ಯೂಸ್ ಇರುವ ಫ್ಯೂಸ್ ಬಿಟ್‌ಗಳು ಹಳೆಯವೇ ಉಳಿಯುತ್ತವೆ, ಅದು ಹೊರಗಿನ ಕ್ರಿಸ್ಟಲ್ ಕೇಳುತ್ತದೆ. ಇದು ತಿಳಿಯದೆ ಒಬ್ಬ ಹುಡುಗ ಕ್ರಿಸ್ಟಲ್ ಇಲ್ಲದ ಬೋರ್ಡಿನಲ್ಲಿ ಅಳಿಸಿದ ಚಿಪ್ ಕೂರಿಸಿ, ಸತ್ತಿದೆ ಅಂತ ಬಿಸಾಡಲು ಹೊರಟಿದ್ದ. ‘ಕೋರಾ’, ‘ಅಳಿಸಿದ’ ಎರಡೂ ನನಗೆ ಬೇಕು. ತೆಗೆಯುವುದಿಲ್ಲ.

ಉಳಿದದ್ದು ಉಪಕರಣದ ಹೆಸರು. ಬಾಚಣಿಗೆ, ಲಟ್ಟಣಿಗೆಯ ದಾರಿ ಹಿಡಿಯೋಣವೆಂದರೆ ‘ಬರವಣಿಗೆ’ ಆಗಲೇ ಬೇರೆ ಕೆಲಸದಲ್ಲಿದೆ. ನನಗೆ ಹಿಡಿಸಿದ್ದು ‘ಬರೆಮಣೆ’. ತುರಿಮಣೆ, ಹೆರೆಮಣೆ ಇದ್ದ ಹಾಗೆ. ನಮ್ಮದು ಬೋರ್ಡಿನ ಮೇಲೇ ಕೂತಿದೆ, ಮಣೆ ಅನ್ನಲು ಅಡ್ಡಿಯಿಲ್ಲ. ‘ಬರೆಮಣೆಗೆ ಕರೆಂಟ್ ಕೊಡಿ’, ‘ಬರೆಮಣೆಯನ್ನು ಜೋಡಿಸಿ’: ಇಲ್ಲಿ ಮನುಷ್ಯ ಇಣುಕುವುದಿಲ್ಲ, ಅಲ್ವಾ? ಶನಿವಾರ ಸುಮ್ನೆ ಹೇಳಿ ನೋಡಿದೆ. ಆ ಎಂಟನೇ ಕ್ಲಾಸಿನವನೇ ‘ಬರೆಮಣಿ ಈ ಕಡೆ ಸರಸ್ರಿ’ ಅಂತ ಕೈ ಚಾಚಿದ.

ನಾನು ಕೇಳುವುದು ಇಷ್ಟೇ. ‘ಬರೆಮಣೆ’ ನಿಮ್ಮ ಊರಲ್ಲಿ ಬೇರೆ ಯಾವುದಾದರೂ ವಸ್ತುವಿಗೆ ಆಗಲೇ ಇದೆಯಾ? ಇದ್ದರೆ ಗುರುವಾರ ರಾತ್ರಿಯೊಳಗೆ ತಿಳಿಸಿ. ಕೋರಾ ಬೇಕೋ ಬೇಡವೋ ಅನ್ನುವುದಕ್ಕೆ ದಯವಿಟ್ಟು ಬೇರೆ ಎಳೆ ಶುರು ಮಾಡಿ.